ದಿಂಬಿನಡಿಯ ಮಾತ್ರೆ ಮತ್ತು ಒಂದು ಹಳೆಯ ಲೆಕ್ಕ



ನಾನು ಮದ್ರಸದಲ್ಲಿ ಓದಿದವಳು. ಆಮೇಲೆ ಮನೆಯಲ್ಲೇ ಕುಳಿತು ಪರೀಕ್ಷೆ ಕಟ್ಟಿ ಬಿ.ಎ. ಮುಗಿಸಿದೆ. ಹದಿನೆಂಟು ವರ್ಷಗಳಿಂದ ಮಕ್ಕಳಿಗೆ ಪಾಠ ಹೇಳುತ್ತಿದ್ದೇನೆ. ಹಾಗಾಗಿ ನಮ್ಮ ನೆಂಟರಲ್ಲಿ ಯಾರಿಗೆ ಏನು ಸಂದೇಹ ಬಂದರೂ ಮೊದಲು ನನ್ನನ್ನೇ ಕೇಳುತ್ತಾರೆ. ಕೇಳಿದವರಿಗೆಲ್ಲ ನಾನು ಸರಿಯಾದ ಸಲಹೆಯನ್ನೇ ಕೊಟ್ಟಿದ್ದೇನೆಯೇ? ಇಲ್ಲ. ಅಂಥ ಒಂದು ತಪ್ಪು ಸಲಹೆಯ ಕತೆಯನ್ನು ಇಂದು ನಿಮ್ಮ ಮುಂದಿಡುತ್ತಿದ್ದೇನೆ.

ನನ್ನ ಅಕ್ಕನ ಮಗಳಿಗೆ ಹನ್ನೆರಡನೆಯ ವಯಸ್ಸಿನಲ್ಲಿ ಮೂರ್ಛೆ ರೋಗ ಆರಂಭವಾಯಿತು. ನಮ್ಮಲ್ಲಿ ಎಲ್ಲರೂ ಫಿಟ್ಸ್ ಎನ್ನುತ್ತಾರಲ್ಲ, ಅದೇ. ಮೊದಲು ನೀರು ಓದಿಸಿದೆವು, ತಾಯಿತ ಕಟ್ಟಿಸಿದೆವು, ಕೈಗೆ ಕಬ್ಬಿಣದ ಬೀಗದ ಕೈ ಕೊಟ್ಟೆವು. ಕೊನೆಗೆ ನರರೋಗ ತಜ್ಞರಲ್ಲಿಗೆ ಹೋದೆವು. ಅವರು ಕೊಟ್ಟ ಮಾತ್ರೆಯಿಂದ ಮೂರು ವರ್ಷ ಒಮ್ಮೆಯೂ ಫಿಟ್ಸ್ ಬರಲಿಲ್ಲ. ಹುಡುಗಿ ಚೆನ್ನಾಗಿ ಓದಿ ಬಿ.ಇ. ಕಂಪ್ಯೂಟರ್ ವಿಭಾಗ ಸೇರಿದಳು.

ಅವಳು ಕೊನೆಯ ವರ್ಷದಲ್ಲಿದ್ದಾಗ ಒಂದು ಒಳ್ಳೆಯ ಸಂಬಂಧ ಬಂತು. ಅಕ್ಕ ನನ್ನನ್ನು ಪಕ್ಕಕ್ಕೆ ಕರೆದು ಕೇಳಿದಳು, "ಕಾಯಿಲೆಯ ವಿಷಯ ಹೇಳಬೇಕಾ? ನೀನೇ ಹೇಳು, ನೀನು ಓದಿದವಳು."

ನಾನು ಹೇಳಿದ್ದೇನು ಗೊತ್ತೇ? "ಮಾತು ಪಕ್ಕಾ ಆಗಲಿ, ಆಮೇಲೆ ನೋಡೋಣ. ಅವರು ಬಂದು ಹೋಗುವವರೆಗೆ ಮಾತ್ರೆಯನ್ನು ದಿಂಬಿನಡಿ ಇಡಲಿ."

ಬಾಗಿಲ ಮರೆಯಲ್ಲಿ ನಿಂತಿದ್ದ ಹುಡುಗಿ ಅದನ್ನು ಕೇಳಿಸಿಕೊಂಡಳು. ಅಡಗಿಸಿಡಬೇಕಾದ ಮಾತ್ರೆ ನನಗೆ ಯಾಕೆ ಎಂದುಕೊಂಡು ಯಾರಿಗೂ ಹೇಳದೆ ನುಂಗುವುದನ್ನೇ ನಿಲ್ಲಿಸಿಬಿಟ್ಟಳು. ಐದನೆಯ ದಿನ ಬೆಳಿಗ್ಗೆ ಚಹಾ ಕಾಯಿಸುತ್ತಿದ್ದವಳು ಒಲೆಯ ಮುಂದೆಯೇ ಬಿದ್ದಳು. ಬಲಗೈ ಮೊಣಕೈವರೆಗೆ ಸುಟ್ಟಿತು. ಸಂಬಂಧವೂ ತಪ್ಪಿತು. ಸುಟ್ಟ ಕೈಗೆ ಬ್ಯಾಂಡೇಜು ಕಟ್ಟಿಸಿಕೊಂಡು ಮಲಗಿದ್ದ ಆ ಮಗುವಿನ ಮುಖ ನೋಡಲು ನನಗೆ ಧೈರ್ಯವಿರಲಿಲ್ಲ.

ಅವಳು ಒಂದೇ ಒಂದು ಮಾತೂ ನನ್ನನ್ನು ಬೈಯಲಿಲ್ಲ. ನಾಲ್ಕು ದಿನ ಕಳೆದ ಮೇಲೆ ಎಡಗೈಯಲ್ಲಿ ಲ್ಯಾಪ್‌ಟಾಪ್ ತೆರೆದು, "ಖಾಲಾ, ಬನ್ನಿ ಇಲ್ಲಿ, ನನ್ನ ತಲೆಯೊಳಗೆ ಏನಾಗುತ್ತದೆ ಅಂತ ತೋರಿಸ್ತೇನೆ" ಎಂದಳು. ಅದು ಅವಳ ಕಾಲೇಜಿನ ಪ್ರಾಜೆಕ್ಟ್.

ಪರದೆಯ ಮೇಲೆ ಒಂದು ಗೆರೆ ಸಪಾಟಾಗಿ ಹೋಗುತ್ತಿತ್ತು. ಅವಳು ಒಂದು ಅಂಕಿಯನ್ನು ಬದಲಿಸಿದಳು. ಗೆರೆ ಒಮ್ಮೆ ಮೇಲೆದ್ದು ಬಿತ್ತು. "ಇದು ಒಂದು ನರಕೋಶ ಕೊಡುವ ಒಂದು ಸುದ್ದಿ" ಎಂದಳು. ಅಂಕಿಯನ್ನು ಇನ್ನಷ್ಟು ಹೆಚ್ಚಿಸಿದಳು. ಗೆರೆ ಎದ್ದು ಬಿದ್ದು, ಎದ್ದು ಬಿದ್ದು, ನಿಲ್ಲಲೇ ಇಲ್ಲ. "ಮಿದುಳಿನಲ್ಲಿ ಸುಮಾರು 8,600 ಕೋಟಿ ನರಕೋಶಗಳಿವೆ. ಅವುಗಳಲ್ಲಿ ಲಕ್ಷಗಟ್ಟಲೆ ಕೋಶಗಳು ಒಟ್ಟಿಗೆ ಹೀಗೆ ಹದ್ದುಮೀರಿ ಬಡಿದುಕೊಂಡರೆ ಅದೇ ಫಿಟ್ಸ್, ಖಾಲಾ. ದೆವ್ವವೂ ಅಲ್ಲ, ಗಾಳಿಯೂ ಅಲ್ಲ."

ಈ ಲೆಕ್ಕ ಎಲ್ಲಿಂದ ಬಂತು ಎಂದು ಕೇಳಿದೆ. ಅವಳು ಹೇಳಿದ್ದನ್ನೂ ಆಮೇಲೆ ನಾನೇ ಓದಿ ತಿಳಿದದ್ದನ್ನೂ ನಿಮಗೆ ಹೇಳುತ್ತೇನೆ.

ಇಂಗ್ಲೆಂಡಿನ ಕೇಂಬ್ರಿಡ್ಜ್‌ನಲ್ಲಿ ಅಲನ್ ಹಾಡ್‌ಕಿನ್ ಮತ್ತು ಆಂಡ್ರ್ಯೂ ಹಕ್ಸ್‌ಲಿ ಎಂಬ ಇಬ್ಬರು ವಿಜ್ಞಾನಿಗಳಿದ್ದರು. ನರದಲ್ಲಿ ವಿದ್ಯುತ್ತು ಹೇಗೆ ಹರಿಯುತ್ತದೆ ಎಂದು ತಿಳಿಯುವುದು ಅವರ ಆಸೆ. ಆದರೆ ಮನುಷ್ಯನ ನರದ ಎಳೆ ಕೂದಲಿಗಿಂತಲೂ ಸಣ್ಣದು. ಅದರೊಳಗೆ ತಂತಿ ತೂರಿಸುವುದು ಹೇಗೆ? ಅವರಿಗೆ ನೆರವಾದದ್ದು ಸ್ಕ್ವಿಡ್, ನಮ್ಮ ಕರಾವಳಿಯವರು ಬೊಂಡಾಸ್ ಎಂದು ಕರೆಯುವ ಸಮುದ್ರಜೀವಿ. ಅದರ ದೇಹದಲ್ಲಿ ಅರ್ಧ ಮಿಲಿಮೀಟರಿನಷ್ಟು ದಪ್ಪದ ಒಂದು ನರವಿದೆ. ಪ್ಲಿಮತ್ ಎಂಬ ಕಡಲತೀರದ ಊರಿನಲ್ಲಿ 1939ರಲ್ಲಿ ಅವರು ಆ ನರದೊಳಗೆ ತಂತಿ ಇಳಿಸಿ ವಿದ್ಯುತ್ತನ್ನು ಅಳೆದರು. ಅಷ್ಟರಲ್ಲಿ ಎರಡನೆಯ ಮಹಾಯುದ್ಧ ಬಂತು, ಕೆಲಸ ನಿಂತಿತು. ಯುದ್ಧ ಮುಗಿದ ಮೇಲೆ ಮತ್ತೆ ಆರಂಭಿಸಿದರು.

ನರದ ಗೋಡೆಯಲ್ಲಿ ಸೋಡಿಯಂ ಒಳಬರಲು ಒಂದು ದಾರಿ, ಪೊಟ್ಯಾಸಿಯಂ ಹೊರಹೋಗಲು ಇನ್ನೊಂದು ದಾರಿ ಇರಬೇಕು; ಅವು ಬಾಗಿಲಿನಂತೆ ತೆರೆದು ಮುಚ್ಚುತ್ತಿರಬೇಕು ಎಂದು ಅವರು ಸಮೀಕರಣಗಳನ್ನು ಬರೆದರು. ಅವನ್ನು ಬಿಡಿಸಬೇಕೆಂದರೆ ಕೇಂಬ್ರಿಡ್ಜ್‌ನ ಕಂಪ್ಯೂಟರ್ ಆಗ ಕೆಲಸಕ್ಕೆ ಸಿಗುವಂತಿರಲಿಲ್ಲ. ಹಕ್ಸ್‌ಲಿ ಕೈಯಿಂದ ಹಿಡಿಕೆ ತಿರುಗಿಸುವ ಲೆಕ್ಕದ ಯಂತ್ರ ಹಿಡಿದು ಕುಳಿತರು. ಸುದ್ದಿಯೊಂದು ನರದುದ್ದಕ್ಕೂ ಓಡುವ ಲೆಕ್ಕಕ್ಕೆ ಸುಮಾರು ಮೂರು ವಾರ ಹಿಡಿಯಿತು! ಸುದ್ದಿ ಸೆಕೆಂಡಿಗೆ 18.8 ಮೀಟರ್ ವೇಗದಲ್ಲಿ ಓಡಬೇಕು ಎಂದು ಲೆಕ್ಕ ಹೇಳಿತು. ನಿಜವಾದ ನರದಲ್ಲಿ ಅಳೆದಾಗ ಸಿಕ್ಕಿದ್ದು 21.2 ಮೀಟರ್. ಕಾಗದದ ಮೇಲಿನ ಲೆಕ್ಕ ಜೀವಂತ ನರಕ್ಕೆ ಅಷ್ಟು ಹತ್ತಿರ ಬಂದಿತ್ತು. ಇದು 1952ರಲ್ಲಿ ಪ್ರಕಟವಾಯಿತು. 1963ರಲ್ಲಿ ಇಬ್ಬರಿಗೂ ನೊಬೆಲ್ ಪ್ರಶಸ್ತಿ ಬಂತು.

ಗಮನಿಸಿ, ಆ ಬಾಗಿಲುಗಳನ್ನು ಅವರು ಕಣ್ಣಾರೆ ಕಂಡಿರಲಿಲ್ಲ. ಒಂದೊಂದೇ ಬಾಗಿಲಿನ ವಿದ್ಯುತ್ತನ್ನು ಅಳೆಯಲು ಸಾಧ್ಯವಾದದ್ದು 1976ರಲ್ಲಿ, ಜರ್ಮನಿಯ ನೆಹರ್ ಮತ್ತು ಜಾಕ್ಮಾನ್ ಎಂಬವರಿಂದ.

ಇದನ್ನು ಕೇಳಿದಾಗ ನನಗೆ ಮದ್ರಸದ ಪಾಠ ನೆನಪಾಯಿತು. ವಾರಸು ಹಂಚಿಕೆಯ ಲೆಕ್ಕವನ್ನು ನಾವು ಬೆರಳು ಮಡಚಿ ಕಲಿತವರು. ಒಂಬತ್ತನೆಯ ಶತಮಾನದ ಬಗ್ದಾದಿನಲ್ಲಿ ಅಲ್ ಖ್ವಾರಿಝ್ಮಿಯವರು ಬೀಜಗಣಿತದ ಗ್ರಂಥ ಬರೆದಾಗ ಅದರ ದೊಡ್ಡ ಭಾಗವನ್ನು ಇದೇ ವಾರಸು ಹಂಚಿಕೆಗೆ ಮೀಸಲಿಟ್ಟಿದ್ದರು. ಗೊತ್ತಿಲ್ಲದ್ದನ್ನು 'ಶೈ', ಅಂದರೆ 'ವಸ್ತು' ಎಂದು ಕರೆದು, ಗೊತ್ತಿರುವುದರಿಂದ ಅದನ್ನು ಹುಡುಕುವ ದಾರಿ ತೋರಿಸಿದರು. ಕಂಪ್ಯೂಟರಿನವರು ಇಂದು ಹೇಳುವ ಅಲ್ಗಾರಿದಮ್ ಎಂಬ ಪದ ಅವರ ಹೆಸರಿನಿಂದಲೇ ಬಂದದ್ದು. ಮಗಳಿಗೆ ಅದನ್ನು ಹೇಳಿದೆ. ಅವಳು ಬಹಳ ದಿನಗಳ ನಂತರ ನಕ್ಕಳು.

ಈಗ ಔಷಧಿಯ ವಿಷಯಕ್ಕೆ ಬರೋಣ. ಇದು ನಮಗೆ, ಹೆಂಗಸರಿಗೆ, ಬಹಳ ಮುಖ್ಯ.

ಅವಳು ನುಂಗುತ್ತಿದ್ದ ಮಾತ್ರೆಯ ಹೆಸರು ವಾಲ್‌ಪ್ರೊಯೇಟ್. ಅದು ಔಷಧಿ ಎಂದು ತಿಳಿದದ್ದೇ ಆಕಸ್ಮಿಕವಾಗಿ. 1882ರಲ್ಲಿ ತಯಾರಾದ ಆ ರಾಸಾಯನಿಕವನ್ನು ಬೇರೆ ಪದಾರ್ಥಗಳನ್ನು ಕರಗಿಸಲು ಬಳಸುತ್ತಿದ್ದರಂತೆ. 1960ರ ದಶಕದ ಆರಂಭದಲ್ಲಿ ಫ್ರಾನ್ಸಿನಲ್ಲಿ ಕೆಲವು ಹೊಸ ಪದಾರ್ಥಗಳನ್ನು ಅದರಲ್ಲಿ ಕರಗಿಸಿ ಪರೀಕ್ಷೆ ಮಾಡಿದಾಗ ಎಲ್ಲವೂ ಫಿಟ್ಸ್ ತಡೆದವು. ಆಮೇಲೆ ನೋಡಿದರೆ ತಡೆದದ್ದು ಅವುಗಳಲ್ಲ, ಕರಗಿಸಿದ ದ್ರವ! 1967ರಲ್ಲಿ ಅದು ಫ್ರಾನ್ಸಿನಲ್ಲಿ ಔಷಧಿಯಾಗಿ ಬಂತು. ಅಸಂಖ್ಯಾತ ಜನರಿಗೆ ನೆರವಾಯಿತು. ಆದರೆ ಗರ್ಭಿಣಿಯರು ಅದನ್ನು ನುಂಗಿದರೆ ಮಗುವಿನ ಬೆನ್ನುಹುರಿಗೆ ದೋಷ ಬರಬಹುದು ಎಂಬ ಎಚ್ಚರಿಕೆ ಬಂದದ್ದು 1982ರಲ್ಲಿ. ಅದನ್ನು ನುಂಗಿದ ತಾಯಂದಿರ ನೂರು ಮಕ್ಕಳಲ್ಲಿ ಸುಮಾರು ಹತ್ತು ಮಕ್ಕಳಿಗೆ ಹುಟ್ಟುದೋಷ, ಮೂವತ್ತರಿಂದ ನಲವತ್ತು ಮಕ್ಕಳಿಗೆ ಕಲಿಕೆ ಮತ್ತು ಬೆಳವಣಿಗೆಯ ತೊಂದರೆ ಬರಬಹುದು ಎಂದು ಇಂದು ವೈದ್ಯರು ಹೇಳುತ್ತಾರೆ.

ಯೋಚಿಸಿ ಸಹೋದರಿಯರೇ. ನನ್ನ ಸಲಹೆಯಂತೆ ವಿಷಯ ಮುಚ್ಚಿಟ್ಟು ಮದುವೆ ಮಾಡಿದ್ದರೆ ಏನಾಗುತ್ತಿತ್ತು? ಅವಳು ಗುಟ್ಟಾಗಿ ಮಾತ್ರೆ ನುಂಗಿದ್ದರೆ ಮಗುವಿಗೆ ಅಪಾಯ. ಮಾತ್ರೆ ಬಿಟ್ಟಿದ್ದರೆ ತಾಯಿ ಮಗು ಇಬ್ಬರಿಗೂ ಅಪಾಯ. ವೈದ್ಯರ ಮಾತು ಸ್ಪಷ್ಟ. ಯಾವ ಕಾರಣಕ್ಕೂ ಒಮ್ಮೆಲೇ ನಿಲ್ಲಿಸಬಾರದು. ಮದುವೆಗೆ, ಗರ್ಭಕ್ಕೆ ಬಹಳ ಮೊದಲೇ ಅವರಲ್ಲಿ ಕುಳಿತು ಮಾತಾಡಿ, ಅವರ ಕಣ್ಣೆದುರಿನಲ್ಲೇ ನಿಧಾನವಾಗಿ ಬದಲಿಸಬೇಕು. ಅವಳಿಗೆ ಈಗ ಲ್ಯಾಮೊಟ್ರಿಜಿನ್ ಎಂಬ ಮಾತ್ರೆಯನ್ನು ವಾರ ವಾರ ಸ್ವಲ್ಪ ಸ್ವಲ್ಪವಾಗಿ ಹೆಚ್ಚಿಸುತ್ತಾ ಕೊಡುತ್ತಿದ್ದಾರೆ. ಗರ್ಭಿಣಿಯರಿಗೆ ಅದು ಹೆಚ್ಚು ಸುರಕ್ಷಿತ ಎನ್ನುತ್ತಾರೆ. ಅದು ಕೆಲಸ ಮಾಡುವುದು ಎಲ್ಲಿ ಗೊತ್ತೇ? ಹಾಡ್‌ಕಿನ್ ಮತ್ತು ಹಕ್ಸ್‌ಲಿ ಲೆಕ್ಕ ಹಾಕಿದ ಅದೇ ಸೋಡಿಯಂ ಬಾಗಿಲಿನಲ್ಲಿ! ಅವಳು ಪರದೆಯ ಮೇಲೆ ಆ ಬಾಗಿಲುಗಳನ್ನು ಕಡಿಮೆ ಮಾಡಿ ತೋರಿಸಿದಾಗ ಬಡಿದುಕೊಳ್ಳುತ್ತಿದ್ದ ಗೆರೆ ಸುಮ್ಮನಾಯಿತು. ನನ್ನ ಕಣ್ಣು ತುಂಬಿ ಬಂತು.

ಔಷಧಿ ಹುಡುಕುವ ಕೆಲಸದಲ್ಲೂ ಇಂದು ಲೆಕ್ಕಕ್ಕೆ ದೊಡ್ಡ ಪಾತ್ರವಿದೆ. ದೇಹದ ಪ್ರೋಟೀನುಗಳ ಆಕಾರ ಗೊತ್ತಾದರೆ, ಬೀಗಕ್ಕೆ ಕೀಲಿ ಹುಡುಕುವಂತೆ ಅವುಗಳಿಗೆ ಒಪ್ಪುವ ಪದಾರ್ಥವನ್ನು ಹುಡುಕಬಹುದು. ಆಲ್ಫಾಫೋಲ್ಡ್ ಎಂಬ ಕಂಪ್ಯೂಟರ್ ವಿಧಾನ 2022ರ ವೇಳೆಗೆ 20 ಕೋಟಿಗೂ ಹೆಚ್ಚು ಪ್ರೋಟೀನುಗಳ ಆಕಾರವನ್ನು ಅಂದಾಜು ಮಾಡಿಕೊಟ್ಟಿತು. ಅದಕ್ಕಾಗಿ ಡೆಮಿಸ್ ಹಸ್ಸಾಬಿಸ್ ಮತ್ತು ಜಾನ್ ಜಂಪರ್ 2024ರ ರಸಾಯನಶಾಸ್ತ್ರದ ನೊಬೆಲ್ ಪಡೆದರು. ಫ್ರಾನ್ಸಿನ ಮಾರ್ಸೇಲಿನ ವಿಜ್ಞಾನಿಗಳು, ಮಾತ್ರೆಗೆ ಬಗ್ಗದ ಮೂರ್ಛೆ ರೋಗಿಗಳ ಸ್ಕ್ಯಾನ್ ತೆಗೆದುಕೊಂಡು ಆಯಾ ರೋಗಿಯ ಮಿದುಳಿನದೇ ಮಾದರಿಯನ್ನು ಕಂಪ್ಯೂಟರಿನಲ್ಲಿ ಕಟ್ಟುತ್ತಾರೆ. ಫಿಟ್ಸ್ ಎಲ್ಲಿಂದ ಹೊರಡುತ್ತದೆ ಎಂದು ಶಸ್ತ್ರಚಿಕಿತ್ಸಕರಿಗೆ ತೋರಿಸುವುದು ಅದರ ಉದ್ದೇಶ. 2019ರಲ್ಲಿ ಅಲ್ಲಿನ ಆಸ್ಪತ್ರೆಗಳಲ್ಲಿ ಅದರ ಪರೀಕ್ಷೆ ಆರಂಭವಾಯಿತು.

ಹಾಗೆಂದು ಕಂಪ್ಯೂಟರ್ ಎಲ್ಲವನ್ನೂ ಬಲ್ಲದು ಎಂದು ಭ್ರಮಿಸಬೇಡಿ. ಇಡೀ ಮನುಷ್ಯ ಮಿದುಳನ್ನು ಹತ್ತು ವರ್ಷದಲ್ಲಿ ಕಂಪ್ಯೂಟರಿನಲ್ಲಿ ಕಟ್ಟಬಹುದು ಎಂದು ಸ್ವಿಟ್ಜರ್‌ಲೆಂಡಿನ ವಿಜ್ಞಾನಿ ಹೆನ್ರಿ ಮಾರ್ಕ್ರಮ್ 2009ರಲ್ಲಿ ಹೇಳಿದ್ದರು. ಹತ್ತು ವರ್ಷ ಕಳೆದರೂ ಅದು ಆಗಲಿಲ್ಲ. ಲೆಕ್ಕವು ಆರಿಸಿಕೊಟ್ಟ ಪದಾರ್ಥವೂ ಜೀವಕೋಶಗಳಲ್ಲಿ, ಪ್ರಾಣಿಗಳಲ್ಲಿ, ಕೊನೆಗೆ ಮನುಷ್ಯರಲ್ಲಿ ಪರೀಕ್ಷೆಗೆ ಒಳಪಡಬೇಕು. ಅದಕ್ಕೆ ವರ್ಷಗಟ್ಟಲೆ ಸಮಯ ಬೇಕು. ಆದರೆ ನಮ್ಮ ಕೈಯಲ್ಲಿ ಈಗಾಗಲೇ ಇರುವ ಮಾತ್ರೆಗಳನ್ನು ಸರಿಯಾಗಿ ನುಂಗಿದರೆ ನೂರರಲ್ಲಿ ಎಪ್ಪತ್ತು ರೋಗಿಗಳು ಫಿಟ್ಸ್ ಇಲ್ಲದೆ ಬದುಕಬಹುದು ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಅಂಥ ಒಂದು ಮಾತ್ರೆಯನ್ನು ನಾನು ನಾಚಿಕೆಯಿಂದ ದಿಂಬಿನಡಿ ಇಡಿಸಿದ್ದೆನಲ್ಲ!

ಆ ರಾತ್ರಿ ನನಗೆ ಒಂದು ಹದೀಸ್ ನೆನಪಾಗಿ ನಿದ್ದೆ ಬರಲಿಲ್ಲ. ನಾನೇ ಎಷ್ಟೋ ಸಲ ಪಾಠ ಹೇಳಿದ ಹದೀಸ್ ಅದು. ಮೂರ್ಛೆ ರೋಗವಿದ್ದ ಒಬ್ಬ ಮಹಿಳೆ ಪ್ರವಾದಿಯವರ(ಸ) ಬಳಿ ಬಂದು ತನ್ನ ಕಾಯಿಲೆಯನ್ನೂ, ಬಿದ್ದಾಗ ಮೈಮೇಲಿನ ಬಟ್ಟೆ ಸರಿಯುವ ಸಂಕಟವನ್ನೂ ಬಾಯಿಬಿಟ್ಟು ಹೇಳಿಕೊಂಡರು. ಪ್ರವಾದಿಯವರು(ಸ) ಆಕೆಯನ್ನು ದೂರ ಸರಿಸಲಿಲ್ಲ. ಸಹನೆಗೆ ಸ್ವರ್ಗದ ಶುಭವಾರ್ತೆ ನೀಡಿದರು, ಬಟ್ಟೆ ಸರಿಯದಿರಲೆಂದು ದುಆ ಮಾಡಿದರು. ಮುಂದೆ ಇಬ್ನು ಅಬ್ಬಾಸ್‌ರು(ರ) ಆಕೆಯನ್ನು ಸ್ವರ್ಗದ ಮಹಿಳೆಯೆಂದು ತಮ್ಮ ಶಿಷ್ಯರಿಗೆ ತೋರಿಸಿದರು. ಆಕೆಗೆ ಇಲ್ಲದ ನಾಚಿಕೆ ನಮ್ಮ ಮನೆಗೆ ಎಲ್ಲಿಂದ ಬಂತು? ಚಿಕಿತ್ಸೆ ಮಾಡಿಸಿಕೊಳ್ಳಿ ಎಂದೂ ಅದೇ ಪ್ರವಾದಿಯವರು(ಸ) ಕಲಿಸಿದ್ದಾರಲ್ಲವೇ?

ನಿಮ್ಮ ಮುಂದೆ ಯಾರಿಗಾದರೂ ಫಿಟ್ಸ್ ಬಂದರೆ ಬೀಗದ ಕೈ, ಈರುಳ್ಳಿ ಹುಡುಕಬೇಡಿ. ಬಾಯಿಗೆ ಏನನ್ನೂ ತುರುಕಬೇಡಿ. ಸುತ್ತಲಿನ ಅಪಾಯದ ವಸ್ತುಗಳನ್ನು ಸರಿಸಿ, ತಲೆಯಡಿ ಮೆತ್ತಗಿನದ್ದು ಇಟ್ಟು, ಒಂದು ಮಗ್ಗುಲಿಗೆ ತಿರುಗಿಸಿ. ಐದು ನಿಮಿಷ ದಾಟಿದರೆ ಆಸ್ಪತ್ರೆಗೆ ಒಯ್ಯಿರಿ.

ಕಳೆದ ತಿಂಗಳು ಇನ್ನೊಂದು ಸಂಬಂಧ ಬಂತು. ಹುಡುಗನ ತಾಯಿಯ ಎದುರು ನಾನೇ ಕುಳಿತು ಎಲ್ಲವನ್ನೂ ಹೇಳಿದೆ. ಮಾತ್ರೆಯ ಪಟ್ಟಿಯನ್ನು ಚಹಾ ತಟ್ಟೆಯ ಪಕ್ಕದಲ್ಲೇ ಇಟ್ಟೆ. ಆ ತಾಯಿ ಅದನ್ನು ಕೈಗೆತ್ತಿಕೊಂಡು ನೋಡಿ, "ಮನೆಯಲ್ಲಿ ಮಾತಾಡಿ ಹೇಳ್ತೇವೆ" ಎಂದರು. ಇನ್ನೂ ಉತ್ತರ ಬಂದಿಲ್ಲ. ಬರದೆಯೂ ಇರಬಹುದು. ಆದರೆ ಅವರು ಹೋದ ಮೇಲೆ ಮಗಳು ಎಲ್ಲರ ಎದುರಿನಲ್ಲೇ ಒಂದು ಲೋಟ ನೀರು ತಂದು, ರಾತ್ರಿಯ ಮಾತ್ರೆಯನ್ನು ನುಂಗಿದಳು.

ನಿಮ್ಮ ಮನೆಯ ದಿಂಬಿನಡಿಯೂ ಇಂಥದ್ದೇನಾದರೂ ಇದ್ದರೆ ಇವತ್ತೇ ತೆಗೆದು ಹೊರಗಿಡಿ.