ಕುಡಿಯದ ಅಪ್ಪ ಷಾಂಪೇನ್ ಕೊಂಡ

‘ಅಪ್ಪಾ, ವೈವಾ ಮುಗಿದ ಮೇಲೆ ಎಲ್ಲರಿಗೂ ಷಾಂಪೇನ್ ಕೊಡಬೇಕು. ಬಾಟಲಿ ಆರಿಸುವುದು ನಿಮ್ಮ ಕೆಲಸ’ ಎಂದು ಮಗಳು ಫೋನಿನಲ್ಲಿ ಹೇಳಿದಾಗ ನನಗೆ ಮಾತೇ ಹೊರಡಲಿಲ್ಲ. ಅವಳು ಫ್ರಾನ್ಸಿನ ರೀಮ್ಸ್ ನಗರದಲ್ಲಿ ರಸಾಯನಶಾಸ್ತ್ರದ ಪಿಎಚ್.ಡಿ. ಮುಗಿಸುತ್ತಿದ್ದಳು. ಮೌಖಿಕ ಪರೀಕ್ಷೆಯ ನಂತರ ವಿದ್ಯಾರ್ಥಿಯೇ ಪರೀಕ್ಷಕರಿಗೂ ಗೆಳೆಯರಿಗೂ ತಿಂಡಿ, ಪಾನೀಯ ಕೊಡುವುದು ಅಲ್ಲಿಯ ವಾಡಿಕೆ. ನಮ್ಮಲ್ಲಿ ಪಾಸಾದರೆ ಪೇಡ ಹಂಚುವುದಿಲ್ಲವೆ, ಹಾಗೆ. ಆದರೆ ನಾನು ಹುಟ್ಟಿದಾರಭ್ಯ ಒಂದು ತೊಟ್ಟೂ ಮುಟ್ಟಿದವನಲ್ಲ. ಎರಡೆಕರೆ ಗದ್ದೆಯನ್ನು ಸಾರಾಯಿ ಅಂಗಡಿಗೆ ಸುರಿದು ಹೋದ ಚಿಕ್ಕಪ್ಪನನ್ನು ಕಂಡು ಬೆಳೆದವನು. ಮಗಳೂ ಕುಡಿಯುತ್ತಾಳೆಯೆ? ಕೇಳುವ ಧೈರ್ಯವಾಗಲಿಲ್ಲ.

ಪ್ಯಾರಿಸ್ಸಿನಿಂದ ವೇಗದ ರೈಲಿನಲ್ಲಿ ರೀಮ್ಸ್ ಬರೀ ಮುಕ್ಕಾಲು ಗಂಟೆಯ ದಾರಿ. ಫ್ರೆಂಚ್ ದೊರೆಗಳ ಪಟ್ಟಾಭಿಷೇಕ ನಡೆಯುತ್ತಿದ್ದ ಭವ್ಯ ಕೆಥೆಡ್ರಲ್ ಇರುವ ಊರು. ‘ಅಂಗಡಿ ಆಮೇಲೆ, ಮೊದಲು ನೆಲಮಾಳಿಗೆ’ ಎಂದು ಮಗಳು ನಮ್ಮಿಬ್ಬರನ್ನು ಪೊಮ್ಮೆರಿ ಸಂಸ್ಥೆಗೆ ಕರೆದೊಯ್ದಳು. ನೂರಕ್ಕೂ ಹೆಚ್ಚು ಮೆಟ್ಟಿಲಿಳಿದರೆ ಭೂಮಿಯಿಂದ ಸುಮಾರು 30 ಮೀಟರ್ ಕೆಳಗೆ ಸೀಮೆಸುಣ್ಣದಂಥ ಬಿಳಿಕಲ್ಲಿನ ಗುಹೆಗಳು. ಹಿಂದೆ ಕಟ್ಟಡಕ್ಕೆಂದು ಕಲ್ಲು ತೆಗೆದ ಗಣಿಗಳಿವು. ಬೇಸಿಗೆಯಿರಲಿ, ಚಳಿಯಿರಲಿ, ಒಳಗೆ ಸದಾ 10 ಡಿಗ್ರಿಯ ತಂಪು. ಈ ಸೀಮೆಯ ದ್ರಾಕ್ಷಿ ಇಳಿಜಾರು, ನೆಲಮಾಳಿಗೆಗಳು 2015ರಲ್ಲಿ ಯುನೆಸ್ಕೋ ಪಟ್ಟಿ ಸೇರಿವೆ.

ಅಲ್ಲಿ ಕೇಳಿದ ಒಂದು ಸಂಗತಿಯನ್ನು ಮರೆಯಲಾರೆ. ಮೊದಲ ಮಹಾಯುದ್ಧದಲ್ಲಿ ಜರ್ಮನ್ ಫಿರಂಗಿಗಳು ಊರನ್ನು ಹುಡಿಗುಟ್ಟುತ್ತಿದ್ದಾಗ ಜನ ಈ ಗುಹೆಗಳಲ್ಲೇ ಬದುಕಿದರು. 1914ರ ಡಿಸೆಂಬರಿನಲ್ಲಿ ಇಲ್ಲಿ ಮಕ್ಕಳಿಗೆ ಶಾಲೆಯನ್ನೂ ತೆರೆದರು. ಮೇಲೆ ಗುಂಡಿನ ಮಳೆ, ಕೆಳಗೆ ಪಾಠ! ಹೆಂಡದ ಗುಹೆಯೆಂದು ಮೂಗು ಮುರಿದು ಇಳಿದಿದ್ದ ನಾನು ಶಾಲೆಯ ಅಂಗಳಕ್ಕೆ ಬಂದವನಂತೆ ಸುಮ್ಮನೆ ನಿಂತೆ.

ಷಾಂಪೇನಿನ ಗುಳ್ಳೆ ಸೋಡಾದಂತೆ ತುಂಬಿದ್ದಲ್ಲ. ಕೈಯಿಂದಲೇ ಕೊಯ್ದ ದ್ರಾಕ್ಷಿಯ ವೈನಿಗೆ ಸ್ವಲ್ಪ ಸಕ್ಕರೆ, ಯೀಸ್ಟ್ ಸೇರಿಸಿ ಬಾಟಲಿಯನ್ನು ಮುಚ್ಚುತ್ತಾರೆ. ಒಳಗೆ ಎರಡನೇ ಸಲ ಹುದುಗೆದ್ದು ಅನಿಲ ಹುಟ್ಟುತ್ತದೆ. ಒತ್ತಡ ಸುಮಾರು ಆರು ಅಟ್ಮಾಸ್ಫಿಯರ್, ಕಾರಿನ ಟೈರಿನ ಎರಡು ಪಟ್ಟಿಗೂ ಹೆಚ್ಚು. ಆದರೆ ತಳದ ಮಡ್ಡಿ ತೆಗೆಯುವುದು ಹೇಗೆ? 1805ರಲ್ಲಿ, 27ನೇ ವಯಸ್ಸಿಗೇ ವಿಧವೆಯಾಗಿ ಗಂಡನ ವ್ಯಾಪಾರಕ್ಕೆ ಹೆಗಲು ಕೊಟ್ಟ ಮದಾಂ ಕ್ಲಿಕೋ ಎಂಬಾಕೆಯ ಮಾಳಿಗೆಯಲ್ಲಿ ಇದಕ್ಕೆ ಉಪಾಯ ಸಿಕ್ಕಿತು. ತೂತಿನ ಹಲಗೆಯಲ್ಲಿ ಬಾಟಲಿಗಳನ್ನು ತಲೆಕೆಳಗಾಗಿ ನಿಲ್ಲಿಸಿ ದಿನವೂ ಚೂರು ತಿರುಗಿಸಿದರೆ ಮಡ್ಡಿಯೆಲ್ಲ ಕತ್ತಿಗೆ ಇಳಿಯುತ್ತದೆ. ಇಷ್ಟಾಗಿ, ಕನಿಷ್ಠ 15 ತಿಂಗಳು ಕಾಯದೆ ಬಾಟಲಿ ಮಾರುವಂತಿಲ್ಲ. ಬೆಲೆ ಏಕೆ ಹೆಚ್ಚೆಂದು ಆಗ ತಿಳಿಯಿತು.

ಮರುದಿನ ಅಂಗಡಿಗೆ ಹೋದೆವು. ಗೋಡೆಯುದ್ದಕ್ಕೂ ಬಾಟಲಿ! ಮಗಳು ಲೇಬಲ್ ಓದಲು ಕಲಿಸಿದಳು. ಷಾಂಪೇನ್ ಎಂಬ ಹೆಸರು ಈ ಸೀಮೆಯದಕ್ಕೆ ಮಾತ್ರ ಸಲ್ಲುತ್ತದೆ, ನಮ್ಮ ಮೈಸೂರು ರೇಷ್ಮೆಯ ಹಾಗೆ. ‘ಬ್ರೂಟ್’ ಎಂದರೆ ಲೀಟರಿಗೆ 12 ಗ್ರಾಂಗಿಂತ ಕಡಿಮೆ ಸಕ್ಕರೆ. ಊಟ, ಖಾರದ ತಿಂಡಿಯ ಜೊತೆಗೆ ಅದೇ ಸರಿ. ‘ದೆಮಿ ಸೆಕ್’ ಎಂದರೆ ಅಕ್ಷರಶಃ ಅರೆ ಒಣಗಿದ್ದು, ಆದರೆ ನಿಜಕ್ಕೂ ಸಿಹಿ. ಅದು ಕೇಕಿನ ಜೊತೆಗೆ. ‘ಬ್ಲಾಂ ದ ಬ್ಲಾಂ’ ಬಿಳಿ ದ್ರಾಕ್ಷಿಯದು, ಹಗುರ. ‘ಬ್ಲಾಂ ದ ನ್ವಾರ್’ ಕಪ್ಪು ದ್ರಾಕ್ಷಿಯದು, ಮೈತುಂಬಿದ್ದು. ಮೂಲೆಯಲ್ಲಿ ಸಣ್ಣದಾಗಿ ‘ಆರ್‌ಎಂ’ ಎಂದಿದ್ದರೆ ದ್ರಾಕ್ಷಿ ಬೆಳೆದ ರೈತನೇ ಮಾಡಿದ್ದು. ನನ್ನ ಕಣ್ಣು ಅಲ್ಲೇ ನಿಂತಿತು. ದೊಡ್ಡ ಹೆಸರುಗಳನ್ನು ಬಿಟ್ಟು ಒಬ್ಬ ರೈತನ ಬ್ರೂಟ್ ಆರು ಬಾಟಲಿ ಕೊಂಡೆ. ನನಗೂ ಹೆಂಡತಿಗೂ ಸೇಬಿನ ರಸ.

ಆ ದಿನ ಬಂತು. ಮೂರು ಗಂಟೆ ಪ್ರಶ್ನೆಗಳ ಸುರಿಮಳೆಯ ನಂತರ ಮಗಳು ಡಾಕ್ಟರ್ ಆದಳು. ಐಸ್ ನೀರಿನಲ್ಲಿ ಅರ್ಧ ಗಂಟೆ ತಣಿಸಿದ ಬಾಟಲಿಯನ್ನು ಓರೆಯಾಗಿ, ಯಾರ ಮುಖಕ್ಕೂ ತಾಗದಂತೆ ಹಿಡಿದು, ಬಿರಡೆಯನ್ನು ಬಿಗಿಹಿಡಿದು ಬಾಟಲಿಯನ್ನೇ ತಿರುಗಿಸಿದಳು. ಸಿನಿಮಾದಲ್ಲಿ ಕೇಳುವ ಢಂ ಸದ್ದಿಲ್ಲ, ಒಂದು ನಿಟ್ಟುಸಿರು ಅಷ್ಟೆ. ‘ಸದ್ದು ಮಾಡಿದರೆ ಗುಳ್ಳೆಯೂ ನಷ್ಟ, ಕಣ್ಣಿಗೂ ಅಪಾಯ’ ಎಂದಳು. ಮೊಗ್ಗಿನಾಕಾರದ ಲೋಟದಲ್ಲಿ ಮುತ್ತಿನ ಸರದಂತೆ ಗುಳ್ಳೆ ಏಳುತ್ತಿತ್ತು. ಲೋಟ ಒರೆಸಿದ ಬಟ್ಟೆಯ ಸೂಕ್ಷ್ಮ ನಾರುಗಳಿಂದಲೇ ಅವು ಹುಟ್ಟುತ್ತವಂತೆ. ಅದನ್ನು ತೋರಿಸಿಕೊಟ್ಟವರು ಇದೇ ವಿಶ್ವವಿದ್ಯಾಲಯದ ಭೌತವಿಜ್ಞಾನಿ ಜೆರಾರ್ ಲಿಜೆ-ಬೆಲೇರ್. ಒಂದು ಲೋಟವನ್ನು ಕಿವಿಗೆ ಹಿಡಿದೆ. ತುಂತುರು ಮಳೆ ಒಣ ಎಲೆಯ ಮೇಲೆ ಬಿದ್ದಂತೆ ಸದ್ದು.

ಮಗಳು ನನ್ನ ಎದುರಿಗೇ ಲೋಟ ಎತ್ತಿದಳು. ಮುಚ್ಚುಮರೆ ಇರಲಿಲ್ಲ. ಎರಡು ಗುಟುಕು ಕುಡಿದು, ಮಾತಿನ ಭರದಲ್ಲಿ ಅರ್ಧ ಲೋಟವನ್ನು ಮೇಜಿನ ಮೇಲೇ ಮರೆತು ಗೆಳತಿಯರತ್ತ ಹೋದಳು. ಚಿಕ್ಕಪ್ಪ ಲೋಟದಲ್ಲಿ ಒಂದು ಹನಿ ಉಳಿಸಿದ್ದನ್ನೂ ನಾನು ಕಂಡಿರಲಿಲ್ಲ. ಆ ಅರ್ಧ ಲೋಟವನ್ನೇ ನೋಡುತ್ತಾ ಬಹಳ ಹೊತ್ತು ಕುಳಿತೆ.

ಊರಿಗೆ ಬಂದ ಮೇಲೆ ನೆರೆಯವರು ಕಣ್ಣು ಮಿಟುಕಿಸಿ ‘ಹೇಗಿತ್ತು ಸ್ವಾಮಿ, ಷಾಂಪೇನ್ ರುಚಿ?’ ಎಂದರು. ‘ರುಚಿ ಗೊತ್ತಿಲ್ಲ, ಸದ್ದು ಮಾತ್ರ ಬಹಳ ಚೆನ್ನಾಗಿತ್ತು’ ಎಂದೆ.