ಕೈಯ ಹದವೂ ಚಮಚದ ಲೆಕ್ಕವೂ

ಮಾಸಪತ್ರಿಕೆಯು ಮನೆಗೆ ಬಂದೊಡನೆ ಅದನ್ನು ಮೊದಲು ಓದತಕ್ಕವರು ಯಾರೆಂಬ ವಿಷಯದಲ್ಲಿ ಸಣ್ಣದೊಂದು ವಿವಾದವು ಅನೇಕ ಮನೆಗಳಲ್ಲಿ ನಡೆಯುವುದುಂಟು. ಕಥೆಗಾಗಿ ಕೈಚಾಚುವವರು ಕೆಲವರು, ಪದಬಂಧಕ್ಕಾಗಿ ಕಾಯುವವರು ಕೆಲವರು. ಅಡುಗೆಯ ಪುಟಗಳನ್ನು ಮಾತ್ರ ಯಾರೂ ಓದಿದಂತೆ ತೋರಿಸಿಕೊಳ್ಳುವುದಿಲ್ಲ. ಆದರೆ ತಿಂಗಳ ಕೊನೆಯಲ್ಲಿ ನೋಡಿದರೆ ಅರಿಸಿನದ ಬೆರಳ ಗುರುತು ಬಿದ್ದಿರುವುದು ಆ ಪುಟಗಳ ಮೇಲೆಯೇ! ಪಾಕವನ್ನು ಬರೆದಿಡುವ ಪದ್ಧತಿಯು ನಮ್ಮ ನಾಡಿಗೆ ಹೊಸದೇನೂ ಅಲ್ಲ. ಹನ್ನೊಂದನೆಯ ಶತಮಾನದ ಚಾವುಂಡರಾಯನ ‘ಲೋಕೋಪಕಾರ’ದಲ್ಲಿ ಅಡುಗೆಯ ವಿಚಾರವಿದೆ, ಹದಿನಾರನೆಯ ಶತಮಾನದಲ್ಲಿ ಮಂಗರಸನು ‘ಸೂಪಶಾಸ್ತ್ರ’ವೆಂಬ ಗ್ರಂಥವನ್ನೇ ರಚಿಸಿದನು. ಇಂದಿನ ಪುಟಗಳಲ್ಲಿ ವಿಶೇಷವಾಗಿ ಕಾಣುವುದೆಂದರೆ, ಎಣ್ಣೆಯನ್ನು ಕಡಮೆಮಾಡುವ ಉಪಾಯಗಳು ಮತ್ತು ಒಂದೊಂದು ತಿಂಡಿಯ ಕೆಳಗೂ ಬರೆದಿರುವ ಕ್ಯಾಲೊರಿಯ ಲೆಕ್ಕ.

ನಮ್ಮ ಮನೆಯಲ್ಲಿ ಈ ಪುಟಗಳು ಬರಿಯ ವಿನೋದದ ವಸ್ತುವಾಗಿ ಉಳಿಯಲಿಲ್ಲ. ಕಳೆದ ವರ್ಷ ನಮ್ಮ ಮಾವನವರು ಎದೆನೋವಿನಿಂದ ಹತ್ತು ದಿನ ಆಸ್ಪತ್ರೆಯಲ್ಲಿದ್ದು ಮನೆಗೆ ಮರಳಿದರು. ಕರಿದ ಪದಾರ್ಥಗಳನ್ನು ಬಿಡಬೇಕು, ಉಪ್ಪು, ಎಣ್ಣೆ, ತುಪ್ಪಗಳನ್ನು ಮಿತಗೊಳಿಸಬೇಕು ಎಂದು ವೈದ್ಯರು ಔಷಧದ ಚೀಟಿಯೊಡನೆ ಅಪ್ಪಣೆಮಾಡಿದರು. ಮಾವನವರು ಅದನ್ನು ನಗುತ್ತಲೇ ಒಪ್ಪಿಕೊಂಡರು. ಒಪ್ಪಿಕೊಳ್ಳಲಾರದೆ ಹೋದವರು ನಮ್ಮ ಅತ್ತೆಯವರು. ನಲವತ್ತೆಂಟು ವರ್ಷಗಳ ಕಾಲ ತುಪ್ಪದ ಮಿಳ್ಳೆಯನ್ನು ಹಿಡಿದು ತಾವೇ ಬಡಿಸಿದವರು ಅವರು. “ನನ್ನ ಕೈಯ ಅಡುಗೆಯೇ ಅವರಿಗೆ ಮುಳುವಾಯಿತೇನಮ್ಮಾ?” ಎಂದು ಒಂದು ಸಂಜೆ ನನ್ನನ್ನು ಕೇಳಿದರು. ಅಂದಿನಿಂದ ಅಡುಗೆಮನೆಗೆ ಬರುವುದನ್ನೇ ಕಡಮೆಮಾಡಿದರು. ತಾವೂ ಅರೆಹೊಟ್ಟೆ ಉಂಡು ಏಳತೊಡಗಿದರು. ರೋಗಿಯು ಒಬ್ಬರಾದರೆ ಸೊರಗಿದವರು ಇನ್ನೊಬ್ಬರಾದರು.

ನಾನು ಪತ್ರಿಕೆಗಳ ಅಡುಗೆಯನ್ನು ಒಂದೊಂದಾಗಿ ಮಾಡಿ ನೋಡುವ ಸಂಕಲ್ಪಮಾಡಿದುದು ಆಗಲೇ. ಮೊದಲು ಕೈಗೆತ್ತಿಕೊಂಡುದು ಒಲೆಯ ಕೆಲಸವಲ್ಲ, ಲೆಕ್ಕದ ಕೆಲಸ. ನಾಲ್ವರ ನಮ್ಮ ಸಂಸಾರಕ್ಕೆ ತಿಂಗಳಿಗೆ ನಾಲ್ಕು ಲೀಟರು ಎಣ್ಣೆ ಬರುತ್ತಿದ್ದಿತು. ಒಬ್ಬೊಬ್ಬರಿಗೆ ದಿನಕ್ಕೆ ಸುಮಾರು 33 ಮಿಲಿಲೀಟರು, ಎಂದರೆ ಎರಡು ದೊಡ್ಡ ಚಮಚಕ್ಕಿಂತ ಸ್ವಲ್ಪ ಹೆಚ್ಚು. ಒಂದು ಗ್ರಾಂ ಹಿಟ್ಟಿನ ಅಂಶದಿಂದ ನಮಗೆ 4 ಕ್ಯಾಲೊರಿ ದೊರೆತರೆ ಒಂದು ಗ್ರಾಂ ಕೊಬ್ಬಿನಿಂದ 9 ಕ್ಯಾಲೊರಿ ದೊರೆಯುವುದು. ಆ ಲೆಕ್ಕದಿಂದ ಎಣ್ಣೆಯೊಂದರಿಂದಲೇ ಒಬ್ಬರಿಗೆ 270 ಕ್ಯಾಲೊರಿ. ತುಪ್ಪವೂ ತೆಂಗಿನಕಾಯಿಯೂ ಇದರಲ್ಲಿ ಸೇರಿಲ್ಲ! ಸೌಟಿನಿಂದ ಸುರಿಯುವಾಗ ಕಣ್ಣಿಗೆ ಕಾಣದ ಸಂಗತಿಯು ಚಮಚದಿಂದ ಅಳೆಯುವಾಗ ಕಾಣತೊಡಗಿತು. ಪತ್ರಿಕೆಯಿಂದ ನಮಗೆ ದೊರೆತ ಮೊದಲ ಉಪಕಾರವಿದು.

ಅನಂತರ ಪ್ರಯೋಗಗಳು ಆರಂಭವಾದುವು. ಅಕ್ಕಿಗೆ ಬದಲಾಗಿ ನವಣೆಯನ್ನು ಹಾಕಿದ ಬಿಸಿಬೇಳೆ ಬಾತು ಎಲ್ಲರಿಗೂ ಮೆಚ್ಚುಗೆಯಾಯಿತು. ಹೆಸರುಬೇಳೆಯ ಕೋಸಂಬರಿಗೆ ಹೊಸದಾಗಿ ಹೇಳಿಕೊಡಬೇಕಾದುದೇನೂ ಇರಲಿಲ್ಲ. ಆದರೆ ಆಂಬೊಡೆಯನ್ನು ಎಣ್ಣೆಯಲ್ಲಿ ಕರಿಯದೆ, ಪಡ್ಡಿನ ಕಾವಲಿಯ ಗುಳಿಗೆ ಎರಡೆರಡು ತೊಟ್ಟು ಎಣ್ಣೆ ಬಿಟ್ಟು ಬೇಯಿಸಬಹುದೆಂದು ಒಂದು ಪತ್ರಿಕೆಯು ಬರೆದಿದ್ದಿತು. ಬರೆದಂತೆಯೇ ಮಾಡಿ ಬಡಿಸಿದೆನು. ಮಾವನವರು ಮಾತನಾಡದೆ ಎರಡನ್ನು ತಿಂದರು. ಅತ್ತೆಯವರು ಒಂದನ್ನು ಮುರಿದು, ಬಾಯಿಗೆ ಹಾಕಿಕೊಂಡು, ಬಹಳ ಹೊತ್ತು ಅಗಿದು, “ಇದು ಆಂಬೊಡೆಗೆ ದೂರದ ನೆಂಟನಿರಬಹುದು, ಆಂಬೊಡೆಯಂತೂ ಅಲ್ಲ” ಎಂದರು. ಕಾರಣವು ಸುಲಭವಾಗಿದೆ. ಕರಿಯುವಾಗ ಹಿಟ್ಟಿನೊಳಗಿನ ನೀರು ಆವಿಯಾಗಿ ಹೋಗಿ, ಅದರ ಜಾಗಕ್ಕೆ ಎಣ್ಣೆಯು ಸೇರುವುದು. ಆಂಬೊಡೆಯು ಗರಿಗರಿಯಾಗಿದ್ದೂ ಗಂಟಲಿಗೆ ಒಣಗದಿರುವುದು ಆ ಎಣ್ಣೆಯಿಂದಲೇ. ಎಣ್ಣೆಯಿಂದ ಹುಟ್ಟಿದ ತಿಂಡಿಯಿಂದ ಎಣ್ಣೆಯನ್ನೇ ಕಿತ್ತುಕೊಂಡರೆ ಉಳಿಯುವುದು ಅದರ ಹೆಸರು ಮಾತ್ರ.

ಮರುದಿನ ಬೆಳಗ್ಗೆ ನಾನು ಏಳುವಷ್ಟರಲ್ಲಿಯೇ ಅತ್ತೆಯವರು ತೊಗರಿಬೇಳೆಯನ್ನು ನೆನೆಹಾಕಿದ್ದರು. “ಎಣ್ಣೆ ಬೇಡವೆಂದರೆ ನುಚ್ಚಿನುಂಡೆ ಇಲ್ಲವೇನಮ್ಮಾ? ಅದಕ್ಕೆ ಪತ್ರಿಕೆ ಯಾಕೆ?” ಎಂದರು. ನೆನೆದ ಬೇಳೆಯನ್ನು ಬಸಿದು, ನೀರು ಸೇರಿಸದೆ ತರಿತರಿಯಾಗಿ ರುಬ್ಬಿದರು. ಸಬ್ಬಸಿಗೆ ಸೊಪ್ಪು, ಹಸಿಮೆಣಸಿನಕಾಯಿ, ಶುಂಠಿ, ಇಂಗು, ಚಿಟಿಕೆ ಉಪ್ಪು ಇಷ್ಟನ್ನೂ ಬೆರಸಿ, ಅಂಗೈಯಲ್ಲಿ ಉದ್ದುದ್ದನೆಯ ಉಂಡೆಗಳನ್ನು ಮಾಡಿ, ಇಡ್ಲಿಯ ಪಾತ್ರೆಯಲ್ಲಿ ಕಾಲು ಗಂಟೆ ಹಬೆಯಲ್ಲಿ ಬೇಯಿಸಿದರು. ಜೊತೆಗೆ ಮಜ್ಜಿಗೆಹುಳಿ. ತೊಟ್ಟು ಎಣ್ಣೆಯಿಲ್ಲದ ಆ ಉಂಡೆಗಳು ಮೆತ್ತಗೆ, ಘಮಘಮಿಸುತ್ತ, ಯಾವ ತಿಂಡಿಯ ನೆರಳೂ ಆಗದೆ ತಾವು ತಾವಾಗಿಯೇ ಇದ್ದುವು. ಮಾವನವರು ಮೂರನೆಯದಕ್ಕೆ ಕೈಚಾಚಿದಾಗ ಅತ್ತೆಯವರ ಮುಖದಲ್ಲಿ ಕಂಡ ತೃಪ್ತಿಯನ್ನು ನಾನು ಅನೇಕ ತಿಂಗಳುಗಳಿಂದ ಕಂಡಿರಲಿಲ್ಲ. ಅಂದು ಅವರು ಹೊಟ್ಟೆತುಂಬ ಉಂಡರು.

ಹಾಗೆಂದು ಪತ್ರಿಕೆಯನ್ನು ಕಪಾಟಿಗೆ ಸೇರಿಸಿದೆವೆಂದು ವಾಚಕರು ತಿಳಿಯಬಾರದು. ಅತ್ತೆಯವರ ಕೈಗೆ ಹದವು ಗೊತ್ತು, ಪತ್ರಿಕೆಗೆ ಪ್ರಮಾಣವು ಗೊತ್ತು. ಎರಡೂ ಸೇರಿದಲ್ಲಿ ಅಡುಗೆಯು ಹಗುರವೂ ಆಗುವುದು, ರುಚಿಯೂ ಆಗುವುದು. ಒಗ್ಗರಣೆಯ ವಿಷಯವನ್ನೇ ನೋಡಿರಿ. ಇಂಗು, ಸಾಸಿವೆ, ಕರಿಬೇವುಗಳ ಪರಿಮಳವು ನೀರಿಗಿಂತ ಎಣ್ಣೆಯಲ್ಲಿ ಚೆನ್ನಾಗಿ ಬೆರೆಯುವುದು. ಆದುದರಿಂದ ಪಲ್ಯವನ್ನು ಆದಿಯಿಂದಲೂ ಎಣ್ಣೆಯಲ್ಲಿ ಬಾಡಿಸುವುದಕ್ಕೆ ಬದಲಾಗಿ, ಮೇಲೆ ನೀರಿನ ತಟ್ಟೆಯನ್ನು ಮುಚ್ಚಿ ಬೇಯಿಸಿ, ಕೊನೆಯಲ್ಲಿ ಒಂದೇ ಚಮಚ ಎಣ್ಣೆಯನ್ನು ಚೆನ್ನಾಗಿ ಕಾಯಿಸಿ ಒಗ್ಗರಣೆ ಕೊಟ್ಟರೆ, ನಾಲ್ಕು ಚಮಚದ ಘಮವು ಒಂದರಲ್ಲಿಯೇ ಬಂದಂತಾಗುವುದು. ಉಪ್ಪಿನ ವಿಷಯವೂ ಹೀಗೆಯೇ. ದಿನಕ್ಕೆ ಒಬ್ಬರಿಗೆ 5 ಗ್ರಾಮಿಗಿಂತ ಕಡಮೆಯಿರಬೇಕೆಂದು ವಿಶ್ವ ಆರೋಗ್ಯ ಸಂಸ್ಥೆಯು ಹೇಳುತ್ತದೆ; ಅದು ಒಂದು ಸಣ್ಣ ಚಮಚಕ್ಕಿಂತ ಹೆಚ್ಚಲ್ಲ. ಸಾರಿನ ಉಪ್ಪನ್ನು ಅಳೆಯುವವರು ಉಪ್ಪಿನಕಾಯಿ, ಹಪ್ಪಳ, ಸಂಡಿಗೆಗಳನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದೇ ಇಲ್ಲ. ಕೋಸಂಬರಿಗೆ ನಿಂಬೆಯ ರಸವನ್ನು ಸ್ವಲ್ಪ ಮುಂದಾಗಿ ಹಿಂಡಿ, ಉಪ್ಪನ್ನು ಬಡಿಸುವ ಹೊತ್ತಿಗೆ ಉದುರಿಸಿದರೆ, ಸೌತೆಕಾಯಿಯು ನೀರು ಬಿಡುವುದಿಲ್ಲ. ಅರ್ಧ ಉಪ್ಪಿನಲ್ಲಿಯೇ ನಾಲಗೆಯು ತೃಪ್ತಿಪಡುವುದು.

ಇನ್ನು ಅತ್ತೆಯವರು ಕೇಳಿದ ಆ ಪ್ರಶ್ನೆ. ಅದಕ್ಕೆ ಉತ್ತರಕೊಟ್ಟವರು ಮಾವನವರೇ. ಒಂದು ದಿನ ಊಟದ ಹೊತ್ತಿನಲ್ಲಿ, “ನೀನು ತುಪ್ಪ ಬಡಿಸುತ್ತಿದ್ದಾಗ ನಾನು ದಿನಕ್ಕೆ ನಾಲ್ಕು ಮೈಲಿ ನಡೆಯುತ್ತಿದ್ದೆ, ಬಾವಿಯಿಂದ ನೀರು ಸೇದುತ್ತಿದ್ದೆ. ಕಾಲು ನಿಂತುಹೋಯಿತು, ಎಲೆ ಮಾತ್ರ ಹಾಗೆಯೇ ಉಳಿಯಿತು. ತಪ್ಪು ನಿನ್ನ ಕೈಯದೇನೇ?” ಎಂದರು. ಅತ್ತೆಯವರು ಏನೂ ಹೇಳದೆ ಇನ್ನೊಂದು ಸೌಟು ಮಜ್ಜಿಗೆಹುಳಿ ಬಡಿಸಿದರು.

ಸೋದರಿಯರೇ, ಮನೆಯಲ್ಲಿ ಒಬ್ಬರಿಗೆ ಪಥ್ಯವೆಂದಾಗ ಅವರಿಗೊಂದು ಸಪ್ಪೆಯ ಪಾತ್ರೆ, ಉಳಿದವರಿಗೊಂದು ಘಮಘಮಿಸುವ ಪಾತ್ರೆ ಎಂದು ಒಲೆಯನ್ನು ಇಬ್ಭಾಗ ಮಾಡಬೇಡಿರಿ. ಹಾಗೆ ಬೇರೆ ಕುಳಿತು ಉಣ್ಣುವವನಿಗೆ ರೋಗಕ್ಕಿಂತ ಆ ತಟ್ಟೆಯೇ ಹೆಚ್ಚು ನೋವನ್ನು ಕೊಡುವುದು. ನಮ್ಮ ಮನೆಯಲ್ಲಿ ಈಗ ಎಲ್ಲರಿಗೂ ಒಂದೇ ಅಡುಗೆ. ತಿಂಗಳಿಗೆ ಎರಡೂವರೆ ಲೀಟರು ಎಣ್ಣೆ ಸಾಕಾಗುತ್ತಿದೆ. ಹೊಸ ಪತ್ರಿಕೆಯನ್ನು ಓದಿರಿ, ಚಮಚವನ್ನು ಕೊಂಡುಕೊಳ್ಳಿರಿ. ಆದರೆ ಒಲೆಯನ್ನು ಹೊತ್ತಿಸುವ ಮೊದಲು ಮನೆಯ ಹಿರಿಯರನ್ನು ಒಮ್ಮೆ ಕೇಳಿರಿ. ನೀವು ಹುಡುಕುತ್ತಿರುವ ಹಗುರವಾದ ತಿಂಡಿಯ ಹೆಸರು ಅವರ ನಾಲಗೆಯ ತುದಿಯಲ್ಲಿಯೇ ಇರಬಹುದು. ಯಾರಾದರೂ ಕೇಳಲಿ ಎಂದು ಅವರೂ ಕಾದಿರಬಹುದು.