ಗಡ್ಡಿಯ ಮೇಲಿನ ರೊಟ್ಟಿ ಗಂಟು

ನಡುಗಡ್ಡೆ ನೋಡಬೇಕಾದರೆ ಸಮುದ್ರ ದಾಟಬೇಕೆಂದು ಬಹಳ ಮಂದಿ ತಿಳಿದಿದ್ದಾರೆ. ನಮ್ಮ ಕೊಪ್ಪಳ ಜಿಲ್ಲೆಯವರಿಗೆ ಆ ತ್ರಾಸಿಲ್ಲ. ಗಂಗಾವತಿ ತಾಲ್ಲೂಕಿನಲ್ಲಿ ತುಂಗಭದ್ರೆ ತಾನೇ ಕವಲೊಡೆದು ಹರಿದು ನಮಗಾಗಿ ಗಡ್ಡಿಗಳನ್ನು ಮಾಡಿಟ್ಟಿದ್ದಾಳೆ. ಆನೆಗೊಂದಿಯ ಹತ್ತಿರದ ನವವೃಂದಾವನ ಗಡ್ಡಿಗೆ ಯತಿಗಳ ದರ್ಶನಕ್ಕೆಂದು ಹೋಗುತ್ತೇವೆ. ಹಂಪಿಯ ಎದುರು ದಂಡೆಯ ವಿರೂಪಾಪುರ ಗಡ್ಡಿ ಮಾತ್ರ ಬಹಳ ವರ್ಷ ನಮಗಿಂತ ಪರದೇಶದವರಿಗೇ ಹೆಚ್ಚು ಪರಿಚಿತವಾಗಿತ್ತು.

ಪ್ರವಾಸ ಹೊರಟ ಹೆಂಗಸರಿಗೆ ಮೊದಲು ಕಾಡುವ ಚಿಂತೆ ಊಟದ್ದು. ಬುತ್ತಿ ಕಟ್ಟಬೇಕೆಂದರೆ ಪ್ರವಾಸದ ದಿನವೂ ಬೆಳಗಿನ ನಾಲ್ಕಕ್ಕೇ ಎದ್ದು ಒಲೆಯ ಮುಂದೆ ಕೂಡಬೇಕು. ಆದ್ದರಿಂದ 2019ರ ಜನವರಿಯಲ್ಲಿ ನಾನು, ನನ್ನ ನಾದಿನಿ ಆ ಗಡ್ಡಿಗೆ ಹೊರಟಾಗ, ಈ ಸಲ ಬುತ್ತಿ ಬೇಡ, ಅಲ್ಲಿಯದೇ ಊಟ ಎಂದು ನಿಶ್ಚಯಿಸಿದೆವು. ಗಂಗಾವತಿಯಲ್ಲಿ ಮಂಡಾಳ ಒಗ್ಗರಣಿ, ಬಿಸಿ ಮಿರ್ಚಿ ತಿಂದು ಮುಂದೆ ನಡೆದೆವು.

ಗಡ್ಡಿಯ ತುಂಬ ಹೋಟೆಲುಗಳು. ಫಲಕಗಳ ಮೇಲೆ ಇಂಗ್ಲಿಷಿನ ಜೊತೆ ಹೀಬ್ರೂ ಅಕ್ಷರ, ಕನ್ನಡವನ್ನು ಹುಡುಕಬೇಕಿತ್ತು. ಒಳಗೆ ಕುರ್ಚಿಗಳಿಲ್ಲ, ಗಾದಿ ಹಾಸಿ ಲೋಡು ಇಟ್ಟಿದ್ದರು. ಪಟ್ಟಿಯಲ್ಲಿ ಪಿಜ್ಜಾ, ಪಾಸ್ತಾ, ಫಲಾಫಲ್, ಹಮ್ಮಸ್. ಹಮ್ಮಸ್ ತರಿಸಿದೆವು. ನಾದಿನಿ ಬೆರಳ ತುದಿಯಿಂದ ರುಚಿ ನೋಡಿ, "ಕಡ್ಲಿ ರುಬ್ಬಿ ಎಳ್ಳು ಹಾಕ್ಯಾರ್ರಿ ವೈನಿ, ಬಳ್ಳೊಳ್ಳಿನೂ ಐತಿ. ಛಲೋನ ಐತಿ, ಖಾರ ಒಂದ ಇಲ್ಲ" ಎಂದಳು.

ತಂದುಕೊಟ್ಟ ಹುಡುಗ ನಮ್ಮ ಕಡೆಯವನೇ. "ರೊಟ್ಟಿ ಇಲ್ಲೇನಪಾ?" ಎಂದು ಕೇಳಿದೆ.

"ಇಲ್ರಿ ಅಕ್ಕಾರ. ಇಲ್ಲಿ ಅದನ್ನ ಯಾರ ಕೇಳ್ತಾರ್ರಿ?"

"ಮತ್ತ ನೀ ಏನ್ ಉಣ್ತಿ?"

ಹುಡುಗ ನಕ್ಕ. "ನಾನು ರೊಟ್ಟಿನ ಉಣ್ತೀನ್ರಿ. ನಮ್ಮವ್ವ ಅಲ್ಲೇ ನಾಟಿ ಹಚ್ಚಾಕ ಬಂದಾಳ. ಹೋಗ್ರಿ, ಗಂಟು ಬಿಚ್ಚೂ ಹೊತ್ತಾತು."

ಗದ್ದೆಯ ಬದುವಿನ ಮೇಲೆ ಐದಾರು ಹೆಂಗಸರು ಕೆಸರು ಕೈ ತೊಳೆದು ಕೂತಿದ್ದರು. ಹುಡುಗನ ತಾಯಿ ಯಾರು ಏನೆಂದು ವಿಚಾರಿಸುವ ಮೊದಲೇ ನಮ್ಮಿಬ್ಬರ ಕೈಗೂ ರೊಟ್ಟಿ ಇಟ್ಟಳು. ಮೇಲೆ ಪುಂಡಿಪಲ್ಯ, ಶೇಂಗಾ ಹಿಂಡಿ, ಗುದ್ದಿದ ಉಳ್ಳಾಗಡ್ಡಿ. ಕುಡಿಯಲು ತಂಬಿಗೆಯಲ್ಲಿ ಜೋಳದ ನುಚ್ಚಿನ ಅಂಬಲಿ. ಮಜ್ಜಿಗೆ ಬೆರೆಸಿ ಉಪ್ಪು ಹಾಕಿದ್ದಳು. ಬಿಸಿಲಿನಲ್ಲಿ ನಡೆದು ಬಂದ ನಮಗೆ ಅದು ಗಂಟಲಿಳಿದದ್ದೇ ಜೀವ ತಣ್ಣಗಾಯಿತು.

ಸುತ್ತ ಕಣ್ಣು ಹಾಯಿಸಿದಲ್ಲೆಲ್ಲ ಭತ್ತ. ಆನೆಗೊಂದಿಯ ಸುತ್ತ ವಿಜಯನಗರದ ಕಾಲದ ಕಾಲುವೆಗಳು ಹಿಂದೆಯೇ ನೀರುಣಿಸಿದ್ದವು. 1953ರಲ್ಲಿ ತುಂಗಭದ್ರಾ ಅಣೆಕಟ್ಟು ಆದ ಮೇಲೆ ಎಡದಂಡೆ ಕಾಲುವೆಯಿಂದ ಗಂಗಾವತಿ ಭತ್ತದ ಕಣಜವೇ ಆಯಿತು. ಭತ್ತದ ನಡುವೆ ಜೋಳ ಎಲ್ಲಿಯದೆಂದು ಕೇಳಿದರೆ ಆಕೆ, "ನನ್ನ ತವರುಮನಿ ಯಲಬುರ್ಗಾ ಕಡಿ ರೀ ಯವ್ವಾ. ಅಲ್ಲಿ ಎರಿಹೊಲದ ಜ್ವಾಳ. ಅನ್ನ ಉಂಡು ಬಗ್ಗಿ ನಾಟಿ ಹಚ್ಚಾಕ ಆಗೂದಿಲ್ಲ" ಎಂದಳು. ಮಕ್ಕಳದು, ಗಂಡನದು, ತನ್ನದು ಸೇರಿ ದಿನಕ್ಕೆ ಇಪ್ಪತ್ತು ರೊಟ್ಟಿ. ಏಳುವುದು ನಾಲ್ಕಕ್ಕೆ.

ಹೊರಡುವಾಗ ನಾದಿನಿ ನೋಟು ಚಾಚಿದಳು. ಆಕೆ ಕೈ ಹಿಂದಕ್ಕೆಳೆದುಕೊಂಡು, "ಉಣ್ಣಾಕ ಕೊಟ್ಟಿದ್ದಕ್ಕ ರೊಕ್ಕ ತಗೋತಾರೇನ್ರಿ?" ಎಂದು ನಮ್ಮನ್ನೇ ಕೇಳಿದಳು.

ಆ ಮಾತು ದೊಡ್ಡದೇ. ಆದರೂ ನನಗೆ ಸಮಾಧಾನವಾಗಲಿಲ್ಲ. ನಾಟಿಗೆ ಕೂಲಿ ಇದೆ, ಹೋಟೆಲಿನ ಹಮ್ಮಸ್ಸಿಗೆ ಬೆಲೆ ಇದೆ. ನಾಲ್ಕಕ್ಕೆ ಎದ್ದು ಬಡಿದ ಇಪ್ಪತ್ತು ರೊಟ್ಟಿ ಮಾತ್ರ ಯಾರ ಲೆಕ್ಕಕ್ಕೂ ಇಲ್ಲ. ಆಕೆಯ ಲೆಕ್ಕಕ್ಕೂ ಇಲ್ಲ. ನಿಮ್ಮ ಮನೆಯಲ್ಲಾದರೂ ಇದೆಯೇ, ಹೇಳಿ ನೋಡೋಣ!

2020ರಲ್ಲಿ ನ್ಯಾಯಾಲಯದ ತೀರ್ಪಿನಂತೆ ಗಡ್ಡಿಯ ಆ ಹೋಟೆಲುಗಳನ್ನೆಲ್ಲ ಕೆಡವಿದರು. ಪರಂಪರೆಯ ರಕ್ಷಿತ ಜಾಗದಲ್ಲಿ ಕಟ್ಟಬಾರದ್ದನ್ನು ಕಟ್ಟಿದ್ದರೆಂಬುದು ಸರಿಯೇ. ಅಲ್ಲಿ ತಟ್ಟೆ ಎತ್ತುತ್ತಿದ್ದ ಹುಡುಗರು ಎತ್ತ ಹೋದರೋ ಎಂದು ಆಗ ಸಂಕಟಪಟ್ಟೆ. ಆ ಹೋಟೆಲುಗಳ ಜೊತೆ ಪಟ್ಟಿಯೂ ಹೋಯಿತು. ಪಟ್ಟಿಯಲ್ಲೇ ಇರದ ರೊಟ್ಟಿಯನ್ನು ಯಾರು ಕೆಡವಬೇಕು?

ನಮ್ಮ ಪೇಟೆಗಳಲ್ಲಿ ಖಟಿ ರೊಟ್ಟಿ ಬಡಿದು ಎಣಿಸಿ ಮಾರುವ ಹೆಣ್ಣುಮಕ್ಕಳು ಈಗ ಇದ್ದಾರೆ. ಆನೆಗೊಂದಿಯ ಹೆಂಗಸರು, ಗೊನೆ ಕಡಿದ ಮೇಲೆ ಎಸೆಯುತ್ತಿದ್ದ ಬಾಳೆದಿಂಡಿನ ನಾರಿನಿಂದ ಚೀಲ, ಬುಟ್ಟಿ ಹೆಣೆದು ಮಾರುತ್ತಾರೆ. ಎಸೆಯುವ ನಾರಿಗೆ ಬೆಲೆ ಬಂದ ಮೇಲೆ ರೊಟ್ಟಿಗೆ ಬಾರದೇ?

ನೀವು ಆ ಕಡೆ ಹೋದರೆ ಫಲಕ ನೋಡಿ ಒಳಗೆ ನುಗ್ಗಬೇಡಿ. "ನಿಮ್ಮ ಮನ್ಯಾಗ ಏನ್ ಉಣ್ತೀರಿ, ಅದನ್ನ ಮಾಡಿಕೊಡ್ರಿ" ಎಂದು ಕೇಳಿ. ರೊಟ್ಟಿ ಬಡಿಯಲು ಹೊತ್ತು ಬೇಕು. ಬೆಳಿಗ್ಗೆಯೇ ಹೇಳಿಟ್ಟು ಗುಡ್ಡ ಹತ್ತಲು ಹೋಗಿ. ಉಂಡೆದ್ದ ಮೇಲೆ ಆಕೆ ಬೇಡವೆಂದರೂ ಎಣಿಸಿ ರೊಕ್ಕ ಕೊಟ್ಟು ಬನ್ನಿ.